ಜರ್ಮನಿ ಶಾಲೇಲಿ ಮಗಳಿಗೆ 3 ಬಂದಿದೆ, ಖುಷಿ ಪಡ್ಬೇಕಾ ಚಿಂತೆ ಮಾಡ್ಬೇಕಾ? ಇಲ್ಲಿನ ಮಾರ್ಕ್ಸ್ ಪದ್ಧತಿ ಗೊತ್ತಿರೋರು ಬಿಡಿಸಿ ಹೇಳಿ

ತಿಪಟೂರಿನವಳು:

ಎಲ್ಲರಿಗೂ ನಮಸ್ಕಾರ. ನಾವು ಬವೇರಿಯಾದಲ್ಲಿದ್ದೀವಿ, ಮ್ಯೂನಿಕ್ ಹತ್ರ ಒಂದು ಸಣ್ಣ ಊರು, ಬಂದು ಮೂರು ವರ್ಷ ಆಯ್ತು. ಮಗಳು ಈಗ ಗ್ರುಂಡ್‌ಶೂಲೆ, ಅಂದ್ರೆ ಪ್ರೈಮರಿ ಶಾಲೆ, 4ನೇ ಕ್ಲಾಸು. ನಿನ್ನೆ ಗಣಿತದ ಪ್ರೋಬೆ ಪೇಪರ್ ತಂದ್ಲು, ಇಲ್ಲಿ ಟೆಸ್ಟಿಗೆ ಪ್ರೋಬೆ ಅಂತಾರೆ. 32ಕ್ಕೆ 22, ಪಕ್ಕದಲ್ಲಿ ಕೆಂಪಿಂಕಲ್ಲಿ 3 ಅಂತ ಸುತ್ತು ಹಾಕಿದಾರೆ, ಕೆಳಗೆ ಅಪ್ಪ ಅಮ್ಮ ಸೈನ್ ಹಾಕೋಕೆ ಒಂದು ಗೆರೆ. ನಂಗೆ ಸೈನ್ ಹಾಕೋಕೆ ಕೈ ಬರ್ಲಿಲ್ಲ, ಯಾಕಂದ್ರೆ ಲೆಕ್ಕ ಎಲ್ಲಾ ಸರಿ ಇದೆ. ಒಂದು ಹೇಳ್ತೀನಿ ಕೇಳಿ. ಬೇಕರಿಲಿ 8 ಟ್ರೇ, ಒಂದೊಂದರಲ್ಲಿ 24 ಬ್ರೆಟ್ಸೆಲ್, 57 ಮಾರಾಟ ಆಯ್ತು, ಉಳಿದಿದ್ದೆಷ್ಟು. ಇವಳು 192 ಮಾಡಿ 57 ಕಳೆದು 135 ಅಂತ ಬರೆದು ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಎಳೆದಿದಾಳೆ, ನಮ್ಮಪ್ಪ ಕಲಿಸಿದ್ದು ಅದು, ಉತ್ತರದ ಕೆಳಗೆ ಎರಡು ಗೆರೆ. ಟೀಚರ್ ಪಕ್ಕದಲ್ಲಿ "ಆಂಟ್‌ವೋರ್ಟ್?" ಅಂತ ಬರೆದು ಒಂದು ಪಾಯಿಂಟ್ ಹಿಡ್ಕೊಂಡಿದಾರೆ. ಉತ್ತರ ಅಲ್ಲೇ ಇದೆಯಲ್ಲ! ಇಂಥವೇ ಮೂರು ಲೆಕ್ಕ, ಮೂರು ಪಾಯಿಂಟ್ ಹೋಯ್ತು.

ಜನವರೀಲಿ ಕೊಟ್ಟ ಚೀಟೀಲಿ ಜರ್ಮನ್ 3, ಗಣಿತ 3, ಹಾಎಸ್‌ಊ 2 ಅಂತಿತ್ತು, ಹಾಎಸ್‌ಊ ಅಂದ್ರೆ ನಮ್ಮ ಪರಿಸರ ಅಧ್ಯಯನದ ತರ. ಊರಿಗೆ ವಿಡಿಯೋ ಕಾಲ್ ಮಾಡಿದಾಗ ಅಮ್ಮ "ಮೂರು ಅಂದ್ರೆ ಮೂರನೇ ರ್‍ಯಾಂಕಾ, ಪರವಾಗಿಲ್ಲ ಬಿಡು" ಅಂದ್ರು. ನಂಗೂ ಅದಕ್ಕಿಂತ ಜಾಸ್ತಿ ಏನೂ ಗೊತ್ತಿಲ್ಲ ಅಂತ ಅವಾಗ್ಲೇ ಅನ್ಸಿದ್ದು. ಮೇ ತಿಂಗಳಲ್ಲಿ ಏನೋ ದೊಡ್ಡ ಸರ್ಟಿಫಿಕೇಟ್ ಬರುತ್ತಂತೆ, ಅದರ ಮೇಲೆ ಮಗು ಯಾವ ಸ್ಕೂಲಿಗೆ ಅಂತ ನಿರ್ಧಾರ ಆಗುತ್ತಂತೆ. ರಾತ್ರಿ ನಿದ್ದೆ ಬರ್ತಿಲ್ಲ.

ಎರ್ಲಾಂಗನ್ ಅಕ್ಕ:

ಮೊದಲು ಸೈನ್ ಹಾಕಿ ಕಳಿಸಮ್ಮ, ಸೈನ್ ಅಂದ್ರೆ ನೋಡಿದೀನಿ ಅಂತ ಅಷ್ಟೇ, ಒಪ್ಪಿದೀನಿ ಅಂತಲ್ಲ. ನನ್ನ ಇಬ್ಬರು ಮಕ್ಕಳೂ ಇದನ್ನ ದಾಟಿದಾರೆ, ಅದಕ್ಕೆ ಹೇಳ್ತೀನಿ.

ಇಲ್ಲಿ ಶಾಲೇಲಿ 1ರಿಂದ 6, ಸಂಖ್ಯೆ ಸಣ್ಣದಾದಷ್ಟೂ ಒಳ್ಳೇದು. 1 ಅಂದ್ರೆ ತುಂಬಾ ಚೆನ್ನಾಗಿದೆ, 2 ಚೆನ್ನಾಗಿದೆ, 3 ಅಂದ್ರೆ ಬಫ್ರೀಡಿಗಂಡ್, ಅಂದ್ರೆ ಸಮಾಧಾನಕರ, 4 ಅಂದ್ರೆ ಕೊರತೆ ಇದೆ ಆದ್ರೂ ಸಾಕು, 5 ಮತ್ತೆ 6 ಫೇಲು. ಹಂಗಾಗಿ ನಿಮ್ಮ ಮಗಳ 3 ಅಂದ್ರೆ ಕ್ಲಾಸಿನಲ್ಲಿ ಆಗಬೇಕಾದ ಕೆಲಸ ಆಗ್ತಿದೆ ಅಂತ. ನಮ್ಮೂರಲ್ಲಿ 69 ಪರ್ಸೆಂಟ್ ಅಂದ್ರೆ ಮನೇಲಿ ಮುಖ ಕೆಳಗಾಗುತ್ತೆ, ಇಲ್ಲಿ ಹಂಗಿಲ್ಲ.

ಆದ್ರೆ 4ನೇ ಕ್ಲಾಸು ಬವೇರಿಯಾದಲ್ಲಿ ಹಗುರ ಅಲ್ಲ, ಅದನ್ನ ಮುಚ್ಚಿಡಲ್ಲ. ಮೇ ಶುರುವಲ್ಲಿ ಊಬರ್‌ಟ್ರಿಟ್ ಸರ್ಟಿಫಿಕೇಟ್ ಕೊಡ್ತಾರೆ. ಜರ್ಮನ್, ಗಣಿತ, ಹಾಎಸ್‌ಊ ಈ ಮೂರರ ಸರಾಸರಿ 2.33ರೊಳಗೆ ಇದ್ರೆ ಗಿಮ್ನಾಜಿಯುಮ್, ಅಂದ್ರೆ ಯೂನಿವರ್ಸಿಟಿ ಕಡೆ ಹೋಗೋ ಶಾಲೆ, 2.66ರೊಳಗೆ ಇದ್ರೆ ರೆಯಾಲ್‌ಶೂಲೆ, ಅಂದ್ರೆ 10ನೇ ಕ್ಲಾಸಿನವರೆಗಿನ ನಡುವಿನ ದಾರಿ, ಅದಕ್ಕಿಂತ ಮೇಲೆ ಹೋದ್ರೆ ಮಿಟೆಲ್‌ಶೂಲೆ, ಅಂದ್ರೆ ಕೈಕೆಲಸ, ವೃತ್ತಿ ಕಡೆಗೆ ತಯಾರು ಮಾಡೋ ಶಾಲೆ. ಜನವರಿ ಲೆಕ್ಕದಲ್ಲಿ ನಿಮ್ಮದು 3, 3, 2 ಅಂದ್ರೆ 2.66. ಮೂರರಲ್ಲಿ ಯಾವುದಾದ್ರೂ ಒಂದು ವಿಷಯ ಒಂದು ಮೆಟ್ಟಿಲು ಸುಧಾರಿಸಿದ್ರೆ 2.33. ಸಂಗೀತ, ಆಟ, ಕ್ರಾಫ್ಟ್ ಇವೆಲ್ಲ ಈ ಲೆಕ್ಕಕ್ಕೆ ಬರಲ್ಲ.

ಆ ಆಂಟ್‌ವೋರ್ಟ್ ವಿಷಯ. ಇಲ್ಲಿ ಕಥೆ ಲೆಕ್ಕ ಅಂದ್ರೆ ಕೊನೇಲಿ ಪೂರ್ತಿ ವಾಕ್ಯ ಬರೀಬೇಕು, "135 ಬ್ರೆಟ್ಸೆಲ್ ಉಳಿದಿವೆ" ಅಂತ. ಸಂಖ್ಯೆ ಮಾತ್ರ ಬರೆದ್ರೆ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಂಗಾಗಲ್ಲ ಅಂತ ಇವರ ಲೆಕ್ಕ. ನನ್ನ ದೊಡ್ಡೋನೂ ಹಿಂಗೇ ಪಾಯಿಂಟ್ ಕಳ್ಕೊಂಡಿದ್ದ. ತಾತ ಕಲಿಸಿದ ಎರಡು ಗೆರೆ ಇರಲಿ, ಅದರ ಕೆಳಗೆ ಒಂದು ವಾಕ್ಯ ಸೇರಿಸೋಕೆ ಹೇಳಿ. 4ನೇ ಕ್ಲಾಸಲ್ಲಿ ಪ್ರೋಬೆ ಇದೆ ಅಂತ ಒಂದು ವಾರ ಮುಂಚೆ ಹೇಳಲೇಬೇಕು, ಹಂಗಾಗಿ ತಯಾರಿಗೆ ಟೈಮ್ ಸಿಗುತ್ತೆ.

ಹಾಸನದ ಮೇಷ್ಟ್ರು:

ನಾನು ಪ್ರೌಢಶಾಲೆ ಗಣಿತ ಶಿಕ್ಷಕ, ಈಗ ನಿವೃತ್ತ. ಮಗ ಆ ಕಡೆ ಇರೋದ್ರಿಂದ ಈ ಗುಂಪು ಓದ್ತಿರ್ತೀನಿ. ಒಂದು ಮಾತು ನಂಗೆ ಅರಗಿಸಿಕೊಳ್ಳೋಕೆ ಆಗ್ತಿಲ್ಲ. ಹತ್ತು ವರ್ಷದ ಮಗು ಯಾವ ಶಾಲೆಗೆ ಹೋಗಬೇಕು ಅನ್ನೋದನ್ನ ಅದೇ ಕ್ಲಾಸ್ ಟೀಚರ್ ಕೊಟ್ಟ ಅಂಕ ನಿರ್ಧಾರ ಮಾಡುತ್ತೆ ಅಂದ್ರೆ ಹೆಂಗೆ? ನಮ್ಮ ಎಸ್ಸೆಸ್ಸೆಲ್ಸಿ ಬಗ್ಗೆ ಎಷ್ಟೇ ದೂರಿದ್ರೂ ಒಂದು ಮಾತಂತೂ ಇದೆ, ಮೌಲ್ಯಮಾಪನ ಕೇಂದ್ರದಲ್ಲಿ ಕೂತು ಪೇಪರ್ ತಿದ್ದುವಾಗ ಅದು ಯಾರ ಮಗು ಅಂತ ನಂಗೆ ಗೊತ್ತಿರ್ತಿರಲಿಲ್ಲ. ಕೀ ಆನ್ಸರ್ ಮುಂದಿಟ್ಕೊಂಡು ಹಂತ ಹಂತಕ್ಕೂ ಅಂಕ ಹಾಕ್ತಿದ್ವಿ. ಶ್ರೀಮಂತರ ಮಗುವೋ ಕೂಲಿಯವರ ಮಗುವೋ, ಪೇಪರಿಗೆ ಮುಖ ಇಲ್ಲ. 625ಕ್ಕೆ ಇಷ್ಟು ಅಂತ ಬಂದ್ರೆ ಅದು ಮಗುವಿನ ಸ್ವಂತ ಸಂಪಾದನೆ. ಅಂದ ಹಾಗೆ, ಆ 135ಕ್ಕೆ ನಾನಾಗಿದ್ರೆ ಅಂಕ ಕಡಿತಿರಲಿಲ್ಲ, ಘಟಕ ಬರೀಲಿಲ್ಲ ಅಂತ ಅರ್ಧ ಅಂಕ ಬೇಕಾದ್ರೆ ಯೋಚನೆ ಮಾಡ್ತಿದ್ದೆ.

ಎರ್ಲಾಂಗನ್ ಅಕ್ಕ:

ಮೇಷ್ಟ್ರೇ, ನಿಮ್ಮ ಮಾತು ತೆಗೆದು ಹಾಕೋ ಹಂಗಿಲ್ಲ. ಇಲ್ಲಿನವರಿಗೂ ಇದೇ ಜಗಳ ಇದೆ, ಹತ್ತು ವರ್ಷಕ್ಕೆ ಮಕ್ಕಳನ್ನ ಬೇರೆ ಮಾಡೋದು ಬೇಗ ಆಯ್ತು ಅಂತ. ಬರ್ಲಿನ್, ಬ್ರಾಂಡೆನ್‌ಬುರ್ಗ್‌ನಲ್ಲಿ ಪ್ರೈಮರಿ ಶಾಲೆ 6ನೇ ಕ್ಲಾಸಿನವರೆಗೆ ಇದೆ. ಹೆಸ್ಸೆನ್‌ನಲ್ಲಿ ಟೀಚರ್ ಸಲಹೆ ಕೊಡ್ತಾರೆ, ಆದ್ರೆ ಶಾಲೆ ಆರಿಸೋರು ಅಪ್ಪ ಅಮ್ಮ. ಶಿಕ್ಷಣ ಇಲ್ಲಿ ರಾಜ್ಯದ ವಿಷಯ, 16 ರಾಜ್ಯಕ್ಕೂ ತಂತಮ್ಮ ನಿಯಮ. ಬವೇರಿಯಾ ಬಿಗಿ.

ಮುಖ ಇಲ್ಲದ ಪೇಪರ್ ಅಂದ್ರಲ್ಲ, ಇಲ್ಲಿ ಅದು ಕೊನೆವರೆಗೂ ಬರಲ್ಲ. ನಮ್ಮ ಪಿಯುಸಿಗೆ ಸಮ ಅಂದ್ರೆ ಆಬಿಟೂರ್, ಒಟ್ಟು 900 ಪಾಯಿಂಟು. ಅದರಲ್ಲಿ 600 ಕೊನೆ ಎರಡು ವರ್ಷ ಕ್ಲಾಸಿನಲ್ಲಿ ಮಾಡಿದ ಕೆಲಸಕ್ಕೆ, ಕೊನೆ ಪರೀಕ್ಷೆಗೆ ಇರೋದು ಬರೀ 300. ಪ್ರಶ್ನೆಪತ್ರಿಕೆ ರಾಜ್ಯದ ಇಲಾಖೆಯಿಂದ ಬರುತ್ತೆ, ಆದ್ರೆ ತಿದ್ದೋರು ಅದೇ ವಿಷಯ ಪಾಠ ಮಾಡಿದ ಟೀಚರ್, ಆಮೇಲೆ ಇನ್ನೊಬ್ಬ ಟೀಚರ್ ಎರಡನೇ ಸಲ ತಿದ್ದುತಾರೆ. ಆ ಎರಡು ವರ್ಷ ಮಾತ್ರ 1ರಿಂದ 6 ಬಿಟ್ಟು 0ರಿಂದ 15 ಪಾಯಿಂಟ್ ಲೆಕ್ಕ, ಅಲ್ಲಿ 15 ದೊಡ್ಡದು. ಕೊನೇಲಿ ಮತ್ತೆ ತಿರುಗಿಸಿ 1.0ರಿಂದ 4.0 ಅಂತ ಬರೀತಾರೆ, 823 ಮುಟ್ಟಿದ್ರೆ 1.0, 300 ಇದ್ರೆ 4.0 ಪಾಸು.

ನನ್ನ ದೊಡ್ಡೋನು ಆಬಿಟೂರ್ ಬರೆದ ವಾರ ಜ್ವರದಲ್ಲಿದ್ದ. ಒಂದು ಪೇಪರ್ ಕೆಟ್ಟು ಹೋಯ್ತು. ಆದ್ರೂ ಮುಳುಗಲಿಲ್ಲ, ಎರಡು ವರ್ಷದ ಕೆಲಸ ಅವನನ್ನ ಹಿಡ್ಕೊಂಡಿತ್ತು. ಅದೇ ನನ್ನ ತಮ್ಮ ಊರಲ್ಲಿ ಸೆಕೆಂಡ್ ಪಿಯುಸಿ ಫಿಸಿಕ್ಸ್ ದಿನ ಟೈಫಾಯಿಡ್ ಬಂದು ಒಂದು ವರ್ಷ ಕಳ್ಕೊಂಡ. ಹಂಗಾಗಿ ನಂಗೆ ಈ ಕಡೆನೇ ಮನಸ್ಸು ವಾಲುತ್ತೆ ಮೇಷ್ಟ್ರೇ.

ಕುಡ್ಲದವಳು:

ಟೀಚರಿಗೆ ಮುಖ ಗೊತ್ತಿರ್ತದೆ ಅಂತ ಹೇಳಿದ್ದಕ್ಕೆ ನಾನು ಸ್ವಲ್ಪ ಸೇರಿಸ್ತೇನೆ, ಯಾಕಂದ್ರೆ ನಮ್ಮ ಮಕ್ಕಳು ಬೀಳುವುದು ಅಲ್ಲಿಯೇ. ನನ್ನ ಮಗ ಗಿಮ್ನಾಜಿಯುಮ್ 7ನೇ ಕ್ಲಾಸು. ಬರೆಯುವ ದೊಡ್ಡ ಟೆಸ್ಟ್ ಉಂಟಲ್ಲ, ಶೂಲ್‌ಔಫ್‌ಗಾಬೆ, ಅದರಲ್ಲಿ ಅವನಿಗೆ ಯಾವಾಗಲೂ 2. ಆದ್ರೆ ವರ್ಷದ ಕೊನೆಗೆ ಇತಿಹಾಸ, ಭೂಗೋಳ ಎಲ್ಲದರಲ್ಲಿ 3. ಎಂತ ಅಂತ ಕೇಳ್ಲಿಕ್ಕೆ ಟೀಚರ್ ಹತ್ರ ಹೋದೆ, ಇಲ್ಲಿ ಪ್ರತಿ ಟೀಚರಿಗೂ ವಾರಕ್ಕೊಂದು ಗಂಟೆ ಪೋಷಕರಿಗೆ ಅಂತ ಇರ್ತದೆ, ಹೆಸರು ಬರೆಸಿ ಹೋಗ್ಬೇಕು. ಅವರು ಪುಸ್ತಕ ತೆಗೆದು ತೋರಿಸಿದ್ರು, ಪ್ರತಿ ಮಗುವಿನ ಹೆಸರಿನ ಮುಂದೆ ಸಣ್ಣ ಸಣ್ಣ ಪ್ಲಸ್, ಮೈನಸ್. ನನ್ನ ಮಗನ ಸಾಲು ಹೆಚ್ಚು ಕಡಿಮೆ ಖಾಲಿ. "ಅವನು ಪಾಪ, ತುಂಬ ಒಳ್ಳೆ ಹುಡುಗ, ಆದ್ರೆ ಕೈ ಎತ್ತುವುದೇ ಇಲ್ಲ" ಅಂತ ಹೇಳಿದ್ರು.

ಮುಂಡ್ಲಿಖ್ ಅಂತ ಹೇಳ್ತಾರೆ ಅದಕ್ಕೆ, ಬಾಯಿಮಾತಿನ ಅಂಕ. ಅದೂ ಹೇಳದೆ ಕೇಳದೆ ಕೊಡುವ ಸಣ್ಣ ಟೆಸ್ಟ್, ಎಕ್ಸ್, ಅದೂ ಒಂದು ಗುಂಪು. ಮುಖ್ಯ ವಿಷಯಗಳಲ್ಲಿ ಶೂಲ್‌ಔಫ್‌ಗಾಬೆಗೆ ಎರಡು ಪಾಲು, ಇವಕ್ಕೆಲ್ಲ ಸೇರಿ ಒಂದು ಪಾಲು. ಇತಿಹಾಸ, ಭೂಗೋಳದಂಥದ್ದರಲ್ಲಿ ಶೂಲ್‌ಔಫ್‌ಗಾಬೆಯೇ ಇಲ್ಲ, ಅಲ್ಲಿ ಇದೇ ಎಲ್ಲ.

ಮನೆಗೆ ಬಂದು ನಾನು ಅತ್ತೆ ಮಾರ್ರೆ. ಯಾಕಂದ್ರೆ ಅವನಿಗೆ ಸುಮ್ಮನೆ ಕೂತ್ಕೊ, ದೊಡ್ಡವರು ಕೇಳಿದ್ರೆ ಮಾತ್ರ ಉತ್ತರ ಕೊಡು ಅಂತ ಕಲಿಸಿದ್ದೇ ನಾನು. ನಾನು ಕಲಿತ ಶಾಲೆಯಲ್ಲಿ ಅದು ಗುಣ, ಇಲ್ಲಿ ಅದು ಖಾಲಿ ಸಾಲು. ಈಗ ದಿನಕ್ಕೆ ಎರಡು ಸಲ ಕೈ ಎತ್ತಬೇಕು ಅಂತ ಅವನೇ ನಿಯಮ ಮಾಡ್ಕೊಂಡಿದ್ದಾನೆ, ತಪ್ಪಾದ್ರೂ ತೊಂದರೆ ಇಲ್ಲ ಅಂತ ಟೀಚರೇ ಹೇಳಿದ್ದಾರೆ. ತಿಪಟೂರು ಅಕ್ಕ, ನಿಮ್ಮ ಮಗಳ ಟೀಚರ್ ಹತ್ರ ಇವತ್ತೇ ಹೋಗಿ. ಅಂಕ ಜಾಸ್ತಿ ಕೇಳ್ಲಿಕ್ಕೆ ಅಲ್ಲ, ಆ ಪುಸ್ತಕದಲ್ಲಿ ಮಗು ಹೇಗೆ ಕಾಣ್ತದೆ ಅಂತ ನೋಡ್ಲಿಕ್ಕೆ.

ಹಾಸನದ ಮೇಷ್ಟ್ರು:

ಆ ಖಾಲಿ ಸಾಲಿನ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಕ್ಲಾಸಿನಲ್ಲೂ ಕೊನೆ ಬೆಂಚಿನಲ್ಲಿ ಬಾಯಿ ಬಿಡದ ಮಕ್ಕಳು ಎಷ್ಟೋ ಇದ್ರು, ಪೇಪರ್ ನೋಡಿದಾಗಲೇ ಅವರು ಇದ್ದಾರೆ ಅಂತ ಗೊತ್ತಾಗ್ತಿತ್ತು. ಮಾತಾಡದ ಮಗುವಿಗೆ ಬರವಣಿಗೆಯೇ ನ್ಯಾಯ ಅಂತ ನಾನು ಈಗಲೂ ನಂಬ್ತೀನಿ. ಆದ್ರೆ ಎಸ್ಸೆಸ್ಸೆಲ್ಸಿ 80ಕ್ಕೆ ಪರೀಕ್ಷೆ 20ಕ್ಕೆ ಆಂತರಿಕ ಅಂತ ಬಂದ ಮೇಲೆ ಆ 20ನ್ನ ನಾವು ಎಷ್ಟು ಮನಸ್ಸಿಟ್ಟು ಹಾಕಿದ್ವಿ ಅಂದ್ರೆ, ಬಹಳ ಕಡೆ ಎಲ್ಲರಿಗೂ 18, 19, 20 ಅಂತ ತುಂಬಿಸಿ ಕಳಿಸಿದ್ದೇ ಹೆಚ್ಚು. ಪ್ಲಸ್ ಮೈನಸ್ ಪುಸ್ತಕ ಯಾರೂ ಇಡಲಿಲ್ಲ. ಅದು ನಮ್ಮ ತಪ್ಪು, ಒಪ್ಪಿಕೊಳ್ತೀನಿ.

ಫೈನಲ್ ಇಯರ್ ಮೆಕ್ಯಾನಿಕಲ್:

ನಡುವೆ ಬಂದೆ, ಸಾರಿ. ನಾನು ವಿಟಿಯು, ಸಿಜಿಪಿಎ 8.2. ಜರ್ಮನಿಲಿ ಮಾಸ್ಟರ್ಸ್ ಮಾಡ್ಬೇಕು ಅಂತ ಆಸೆ. ಒಬ್ಬ ಕನ್ಸಲ್ಟೆಂಟ್ ನಿಂದು 2.2 ಆಗುತ್ತೆ, ಟಾಪ್ ಯೂನಿವರ್ಸಿಟಿ ಕಷ್ಟ ಅಂದ್ರು, ಫ್ರೆಂಡ್ 1.9 ಅಂತಾನೆ. ಯಾರನ್ನ ನಂಬ್ಲಿ?

ಧಾರವಾಡದಾಂವ, ಈಗ ಆಖನ್‌ನಾಗ:

ತಮ್ಮಾ, ಇಬ್ರೂ ಸುಳ್ಳು ಹೇಳಿಲ್ಲ, ಲೆಕ್ಕಾ ಹಾಕೂ ರೀತಿ ಬ್ಯಾರೆ ಅಷ್ಟ. ಇಲ್ಲಿ ಹೊರದೇಶದ ಅಂಕ ತಿರುವಾಕ ಬವೇರಿಯನ್ ಫಾರ್ಮುಲಾ ಅಂತ ಐತಿ. ನಿಮ್ಮ ಕಡೆ ಸಿಗಬಹುದಾದ ದೊಡ್ಡ ಅಂಕದಾಗ ನಿನ್ನ ಅಂಕ ಕಳಿ, ಅದನ್ನ ದೊಡ್ಡ ಅಂಕದಾಗ ಪಾಸ್ ಅಂಕ ಕಳದ್ರ ಏನ್ ಬರ್ತದ ಅದರಿಂದ ಭಾಗಸು, 3ರಿಂದ ಗುಣಸು, 1 ಕೂಡಸು. 10 ದೊಡ್ಡದು, 4 ಪಾಸು ಅಂತ ತಗೊಂಡ್ರ ನಿಂದು 1.8 ಭಾಗಿಸು 6, ಅಂದ್ರ 0.3, ಮೂರರಿಂದ ಗುಣಿಸಿ ಒಂದ ಕೂಡಿಸಿದ್ರ 1.9. ನಿನ್ನ ದೋಸ್ತ ಇದನ್ನ ಮಾಡ್ಯಾನ. ಪಾಸ್ ಅಂತ 5 ತಗೊಂಡ್ರ 2.08. ಕನ್ಸಲ್ಟೆಂಟ್ ಬಹುಶಃ ಮೊದಲ ವಿಟಿಯು ಫಾರ್ಮುಲಾದಾಗ ಪರ್ಸೆಂಟ್ ಮಾಡ್ಯಾರ, 8.2ರಾಗ 0.75 ಕಳದು 10ರಿಂದ ಗುಣಿಸಿದ್ರ 74.5, ಆಮ್ಯಾಲ 100 ಮತ್ತ 40 ಇಟ್ಟು ಲೆಕ್ಕಾ ಹಾಕಿದ್ರ 2.27. ಆ ಮುಕ್ಕಾಲು ಪಾಯಿಂಟ್ ಕಳಿಯೂದರಾಗ ನಿಂಗ ಲುಕ್ಸಾನ ಆಗ್ತದ. ಅದಕ್ಕ ಯಾವ ಯೂನಿವರ್ಸಿಟಿಗೆ ಹಾಕ್ತೀ ಅವರದ ಪೇಜ್ ಓದು, ಪಾಸ್ ಅಂಕ ಯಾವುದು ಹಿಡೀತಾರ ನೋಡು, ಯೂನಿ ಅಸಿಸ್ಟ್, ಅಂದ್ರ ಯೂನಿವರ್ಸಿಟಿಗಳ ಪರವಾಗಿ ಅರ್ಜಿ ನೋಡೂ ಸಂಸ್ಥೆ, ಅದರ ಮುಖಾಂತರ ಆದ್ರೂ ಕೊನೀ ಮಾತು ಯೂನಿವರ್ಸಿಟೀದ. ಎಪಿಎಸ್ ಸರ್ಟಿಫಿಕೇಟ್, ಅಂದ್ರ ನಿನ್ನ ಮಾರ್ಕ್ಸ್ ಕಾರ್ಡ್ ಖರೇ ಅಂತ ಪರೀಕ್ಷಿಸಿ ಕೊಡೂ ಕಾಗದ, ಈಗ ಇಂಡಿಯಾದವರಿಗೆ ಬೇಕೇ ಬೇಕು, ಅದಕ್ಕ ಟೈಮ್ ಹಿಡೀತದ, ಮೊದಲ ಅದನ್ನ ಹಾಕು.

ಇಲ್ಲಿಗೆ ಬಂದ ಮ್ಯಾಲಿನ ಮಾತ ಯಾರೂ ಹೇಳೂದಿಲ್ಲ, ಅದನ್ನ ನಾ ಹೇಳ್ತೀನಿ. ಯೂನಿವರ್ಸಿಟಿಯೊಳಗ 1.0, 1.3, 1.7, 2.0 ಹಿಂಗ 4.0 ತನಕ ಹೋಗ್ತದ, ಭಾಳ ಕಡೆ ನಡುವ 4.3 ಅಂತೇನಿಲ್ಲ, ಸೀದಾ 5.0, ಅದು ಫೇಲು. ಹೆಚ್ಚಿನ ಕಡೆ ಒಂದ ಪರೀಕ್ಷೆಗೆ ಮೂರ ಸಲ ಅಷ್ಟ ಅವಕಾಶ. ಮೂರನೇದೂ ಹೋತು ಅಂದ್ರ ಕಡ್ಡಾಯ ವಿಷಯದಾಗ ನಿನ್ನ ಹೆಸರ ಯೂನಿವರ್ಸಿಟಿಯಿಂದ ತಗೀತಾರ, ಅದ ಕೋರ್ಸ ಜರ್ಮನಿಯಾಗ ಬ್ಯಾರೆ ಕಡೆ ಮಾಡೂದೂ ಕಷ್ಟ ಆಗ್ತದ. ನಮ್ಮ ಕಡೆ ಬ್ಯಾಕ್ ಇಟ್ಕೊಂಡು ಬರ್ಕೋತ ಹೋಗಿ ಪಾಸ್ ಆಗೂದು ಐತಲ್ಲ, ಆ ರೂಢಿಯಿಂದ ಬಂದವರು ಇಲ್ಲಿ ಬೀಳ್ತಾರ. ತಯಾರಿ ಇಲ್ಲಾಂದ್ರ ಡೇಟ್ ಮುಗಿಯೂದರೊಳಗ ಪರೀಕ್ಷೆ ರಿಜಿಸ್ಟ್ರೇಷನ್ ತಗದುಬಿಡು, ಸುಮ್ಮನ ಹೋಗಿ ಒಂದ ಅವಕಾಶ ಕಳ್ಕೋಬ್ಯಾಡ.

ಇನ್ನೊಂದು, ಐನ್‌ಜಿಖ್ಟ್. ಪರೀಕ್ಷೆ ಮುಗಿದು ಅಂಕ ಬಂದ ಮ್ಯಾಲ ಒಂದ ದಿನಾ ನಿನ್ನ ತಿದ್ದಿದ ಪೇಪರ್ ನೀನ ನೋಡಬಹುದು, ಅದು ನಿನ್ನ ಹಕ್ಕು. ನಂಗ ಎರಡನೇ ಸಲಾನೂ ಒಂದ ವಿಷಯದಾಗ 5.0 ಬಂದಿತ್ತು. ಮನ್ಯಾಗ ಹೇಳಿರಲಿಲ್ಲ, ಅಪ್ಪಾಜಿ ಹೊಲಾ ಮ್ಯಾಲ ಸಾಲಾ ತಗದು ಕಳಿಸ್ಯಾರ, ಏನ್ ಹೇಳೂದು. ಐನ್‌ಜಿಖ್ಟ್ ದಿನಾ ದೊಡ್ಡ ಹಾಲ್‌ನಾಗ ಮೊಬೈಲ್ ತಗದಿಟ್ಕೊಂಡು ಕೂಡಸಿದ್ರು, ಮುಂದ ನನ್ನ ಪೇಪರ್, ಬಾಜೂಕ ಮಾದರಿ ಉತ್ತರ, ಅರ್ಧ ತಾಸು ಟೈಮು. ಕೈ ನಡಗಾಕತ್ತಿತ್ತು. ಒಂದೊಂದ ಪುಟದ ಅಂಕ ಕೂಡಸ್ಕೋತ ಹ್ವಾದೆ, ಆರನೇ ಪುಟದ ಹಿಂದಿನ ಮಗ್ಗಲ ನಾ ಮುಂದುವರಿಸಿ ಬರದಿದ್ದೆ, ಅದಕ್ಕ ಟಿಕ್ಕೂ ಇಲ್ಲ, ತಪ್ಪಂತನೂ ಇಲ್ಲ. ನೋಡೇ ಇರಲಿಲ್ಲ. ಅಲ್ಲೇ ಇದ್ದ ಅಸಿಸ್ಟೆಂಟ್‌ಗ ತೋರಿಸಿದೆ, ಆಕಿ ಓದಿ ನೋಡಿ ಒಂದ ಕಾಗದದ ಮ್ಯಾಲ ಬರಕೊಂಡ್ಲು. ಎರಡ ವಾರ ಆದ ಮ್ಯಾಲ 4.0 ಆತು. ನನಗ 4.0 ಅಂದ್ರ ಇವತ್ತಿಗೂ ಮಾನದ ಅಂಕ ಅದು. ಅದಕ್ಕ ಹೇಳೂದು, 5.0 ಬಂದ್ರೂ 3.7 ಬಂದ್ರೂ ಐನ್‌ಜಿಖ್ಟ್‌ಗ ಹೋಗು, ನಾಚ್ಕೋಬ್ಯಾಡ.

ಲಾ ಓದ್ತಿರೋಳು:

ಧಾರವಾಡದಣ್ಣ ಹೇಳಿದ್ದಕ್ಕೆ ಸಣ್ಣ ತಿದ್ದುಪಡಿ, ಎಲ್ಲಾ ಕೋರ್ಸಿಗೂ 1ರಿಂದ 5 ಅಲ್ಲ. ಇಲ್ಲಿ ಹುಟ್ಟಿ ಬೆಳೆದೋಳು ನಾನು, ಅಪ್ಪ ಅಮ್ಮ ಶಿವಮೊಗ್ಗದವರು. ಕಾನೂನು ಓದೋರಿಗೆ 0ರಿಂದ 18 ಪಾಯಿಂಟ್. ಪಾಸಿಗೆ 4 ಸಾಕು. 9 ಬಂತು ಅಂದ್ರೆ ಮನೇಲಿ ಹಬ್ಬ, ಜಡ್ಜ್ ಆಗೋಕೆ, ದೊಡ್ಡ ಆಫೀಸುಗಳಿಗೆ ಸೇರೋಕೆ ಹೆಚ್ಚಾಗಿ ಅದರ ಆಸುಪಾಸಿನ ಅಂಕ ನೋಡ್ತಾರೆ. ನಂಗೆ ಮೊದಲ ಸಲ 18ಕ್ಕೆ 8 ಬಂದಾಗ ಶಿವಮೊಗ್ಗದ ಅಜ್ಜ ಫೋನಲ್ಲಿ ಒಂದು ನಿಮಿಷ ಮಾತಾಡ್ಲೇ ಇಲ್ಲ, ಆಮೇಲೆ ನಿಧಾನಕ್ಕೆ "ಪರವಾಗಿಲ್ಲ ಪುಟ್ಟಿ, ಮುಂದಿನ ಸಲ ನೋಡೋಣ" ಅಂದ್ರು. ಅವತ್ತು ನಾನು ಕ್ಲಾಸಿನಲ್ಲಿ ಮುಂದಿನ ಸಾಲಿನೋಳು! ಅಮ್ಮ ಎಷ್ಟು ಬಿಡಿಸಿ ಹೇಳಿದ್ರೂ ಅಜ್ಜಂಗೆ ಅರ್ಧಕ್ಕಿಂತ ಕಡಿಮೆ ಅನ್ನೋದು ಮನಸ್ಸಿನಿಂದ ಹೋಗ್ಲಿಲ್ಲ.

ಮೆಡಿಕಲ್ ಬಗ್ಗೆ ಯಾರೂ ಕೇಳಿಲ್ಲ, ಆದ್ರೂ ನಮ್ಮೋರ ಮನೇಲಿ ಕೊನೆಗೆ ಆ ಮಾತು ಬಂದೇ ಬರುತ್ತೆ. ಆಬಿಟೂರ್ ಅಂಕ ಒಂದರಿಂದಲೇ ಸೀಟು ಅನ್ನೋದು ಈಗ ಹಂಗಿಲ್ಲ. 2017ರಲ್ಲಿ ಇಲ್ಲಿನ ಸಂವಿಧಾನ ಕೋರ್ಟು ಆ ಪದ್ಧತೀಲಿ ಕೆಲವು ಭಾಗ ಸರಿ ಇಲ್ಲ ಅಂತು, 2020ರಿಂದ 30 ಪರ್ಸೆಂಟ್ ಸೀಟು ಮಾತ್ರ ಆಬಿಟೂರ್ ಟಾಪರ್‌ಗಳಿಗೆ, ಉಳಿದಿದ್ದರಲ್ಲಿ ಪ್ರವೇಶ ಪರೀಕ್ಷೆ, ಆಸ್ಪತ್ರೆ ಕೆಲಸದ ಅನುಭವ ಇವೆಲ್ಲಾ ಲೆಕ್ಕಕ್ಕೆ ಬರುತ್ತೆ.

ತಿಪಟೂರಿನವಳು:

ಎಲ್ಲರಿಗೂ ಉತ್ತರ ಹಾಕೋಕೆ ತಡ ಆಯ್ತು, ಈಗ ಮೇ ತಿಂಗಳು. ಕುಡ್ಲದ ಅಕ್ಕ ಹೇಳಿದ್ರಲ್ಲ ಟೀಚರ್ ಹತ್ರ ಹೋಗಿ ಅಂತ, ಹೋದೆ. ಮಗಳನ್ನೂ ಕೂರಿಸ್ಕೊಂಡ್ರು. ಅವರು ಮೊದಲು ನನ್ನ ಹತ್ರ ಮಾತಾಡ್ಲಿಲ್ಲ, ಇವಳನ್ನೇ ಕೇಳಿದ್ರು, ನಿಂಗೆ ಯಾವುದು ಸುಲಭ, ಯಾವುದು ಕಷ್ಟ ಅಂತ. ಇವಳು "ಲೆಕ್ಕ ಬರುತ್ತೆ, ಆದ್ರೆ ಆಂಟ್‌ವೋರ್ಟ್ ಬರೆಯೋವಾಗ ಡೆರ್ ಡೀ ಡಾಸ್ ತಪ್ಪಾಗುತ್ತೆ ಅಂತ ಭಯ, ಅದಕ್ಕೆ ಬರೆಯಲ್ಲ" ಅಂದ್ಲು. ನಂಗೆ ಗೊತ್ತೇ ಇರ್ಲಿಲ್ಲ ಇದು. ಮರೆತು ಬಿಡ್ತಾಳೆ ಅಂತಿದ್ದೆ ನಾನು, ಬೈದಿದ್ದೆ ಕೂಡ. ಟೀಚರ್ ಹೇಳಿದ್ರು, ಗಣಿತದ ಪ್ರೋಬೆಲಿ ವ್ಯಾಕರಣ ತಪ್ಪಾದ್ರೆ ನಾನು ಪಾಯಿಂಟ್ ಕಡಿಯಲ್ಲ, ವಾಕ್ಯ ಇದ್ರೆ ಸಾಕು ಅಂತ. ಅಲ್ಲಿಂದ ಮುಂದೆ ಬರೆಯೋಕೆ ಶುರು ಮಾಡಿದ್ಲು.

ಸರ್ಟಿಫಿಕೇಟ್ ಬಂತು. ಗಣಿತ 2, ಜರ್ಮನ್ 3, ಹಾಎಸ್‌ಊ 2ರಿಂದ 3ಕ್ಕೆ ಇಳೀತು. ಸರಾಸರಿ ಅದೇ 2.66. ಗಿಮ್ನಾಜಿಯುಮ್ ಬೇಕಂದ್ರೆ ಮೂರು ದಿನದ ಪ್ರೋಬೆ ಕ್ಲಾಸಿಗೆ ಕೂರಿಸಬಹುದು, ಅಲ್ಲಿ ಜರ್ಮನ್ ಗಣಿತ ಎರಡರಲ್ಲೂ 4 ಬಂದ್ರೂ ಅಪ್ಪ ಅಮ್ಮ ಹೇಳಿದ್ರೆ ಸೇರಿಸ್ಕೋತಾರಂತೆ. ನಮ್ಮನೆಯವರಿಗೆ ಆಸೆ ಇತ್ತು. ಮಗಳನ್ನ ಕೇಳಿದ್ವಿ. "ಮೂರು ದಿನ ಗೊತ್ತಿಲ್ಲದ ಸ್ಕೂಲಲ್ಲಿ ಕೂತು ಬರೀಬೇಕಾ?" ಅಂದ್ಲು, ಮುಖ ಸಣ್ಣ ಮಾಡ್ಕೊಂಡು. ರೆಯಾಲ್‌ಶೂಲೆ ಅಂತ ನಿರ್ಧಾರ ಮಾಡಿದ್ವಿ. ಮೇಷ್ಟ್ರೇ, ನೀವು ಹೇಳಿದ್ದು ನಂಗಿನ್ನೂ ಕೊರೀತಿದೆ, ಹತ್ತು ವರ್ಷಕ್ಕೆ ಇದು ಬೇಡಿತ್ತು. ಅಲ್ಲಿಂದ ಮುಂದೆ ದಾರಿ ಇದೆಯಾ, ಅಕ್ಕ?

ಎರ್ಲಾಂಗನ್ ಅಕ್ಕ:

ಇದೆ ಕಣಮ್ಮ, ಖಂಡಿತ ಇದೆ. ನನ್ನ ಚಿಕ್ಕೋಳು ಅದೇ ದಾರೀಲಿ ಹೋದೋಳು. ರೆಯಾಲ್‌ಶೂಲೆ 10ನೇ ಕ್ಲಾಸು ಮುಗಿಸಿ ಎಫ್‌ಓಎಸ್ ಸೇರಿದ್ಲು, ಅಂದ್ರೆ 10 ಆದ್ಮೇಲೆ ವೃತ್ತಿ ವಿಷಯದ ಜೊತೆ ಮುಂದೆ ಓದಿಸೋ ಶಾಲೆ, ಅಲ್ಲಿ 12 ಮುಗಿಸಿದ್ರೆ ಹೋಕ್‌ಶೂಲೆಗೆ, ಅಂದ್ರೆ ಪ್ರಾಕ್ಟಿಕಲ್ ಕಡೆ ಒತ್ತು ಕೊಡೋ ಕಾಲೇಜಿಗೆ, ಹೋಗಬಹುದು, 13 ಮಾಡಿ ಎರಡನೇ ವಿದೇಶಿ ಭಾಷೆ ಇದ್ರೆ ಗಿಮ್ನಾಜಿಯುಮ್ ಮಕ್ಕಳ ಆಬಿಟೂರಿಗೆ ಸಮ. ರೆಯಾಲ್‌ಶೂಲೆಲಿ 7ನೇ ಕ್ಲಾಸಿಗೆ ಗುಂಪು ಆರಿಸ್ಕೋಬೇಕು, ಗಣಿತ ಇಷ್ಟ ಇದ್ರೆ ಒಂದನೇ ಗುಂಪು ತಗೊಳ್ಳಿ. ಈಗ ಅಡ್ಮಿಷನ್ ವಾರ ಇರುತ್ತೆ, ಸರ್ಟಿಫಿಕೇಟ್ ಒರಿಜಿನಲ್ಲೇ ಕೇಳ್ತಾರೆ, ಜೆರಾಕ್ಸ್ ನಡೆಯಲ್ಲ, ಬರ್ತ್ ಸರ್ಟಿಫಿಕೇಟೂ ತಗೊಂಡು ಹೋಗಿ. ಡೇಟ್ ಶಾಲೆ ವೆಬ್‌ಸೈಟಲ್ಲಿ ಇರುತ್ತೆ, ಇವತ್ತೇ ನೋಡಿ.

ಹಾಸನದ ಮೇಷ್ಟ್ರು:

ತಿಪಟೂರಮ್ಮ, ಮಗುಗೆ ನನ್ನ ಕಡೆಯಿಂದ ಒಂದು ಮಾತು ಹೇಳಿ. 135ರ ಕೆಳಗೆ ಎಳೆದ ಆ ಎರಡು ಗೆರೆ ಬಿಡಬೇಡ, ತಾತ ಕಲಿಸಿದ್ದು ಸರಿಯಾಗೇ ಇದೆ.

ತಿಪಟೂರಿನವಳು:

ಹೇಳ್ತೀನಿ ಸರ್. ಗೆರೆ ಈಗಲೂ ಎಳೀತಾಳೆ, ವಾಕ್ಯ ಅದರ ಕೆಳಗೆ ಬರೀತಾಳೆ. ಅಕ್ಕ, ಡೇಟ್ ನೋಡಿದೆ, ಮಂಗಳವಾರ ಬೆಳಿಗ್ಗೆ 8ರಿಂದ. ಬರ್ತ್ ಸರ್ಟಿಫಿಕೇಟ್ ತಿಪಟೂರಿಂದು, ಜರ್ಮನ್ ಅನುವಾದ ಮಾಡಿಸಿಟ್ಟಿದೀನಿ, ಅದೂ ಹಿಡ್ಕೊಂಡು ಹೋಗ್ತೀನಿ.